ಪೂಜ್ಯ ಸ್ವಾಮಿ ರಾಮಾನಂದ ತೀರ್ಥರು ಮತ್ತು ನಮ್ಮ ಗಡಿಯ ಶಾಲೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಸೂಚಿಸಿದಾಗ ನನ್ನ ಕಣ್ಣಮುಂದೆ ಮೊದಲು ಬಂದು ನಿಂತದ್ದು ಏಳನೆಯ ತರಗತಿಯ ಕೋಣೆಯಲ್ಲಿ ತೂಗುಹಾಕಿದ್ದ ಒಂದು ಭಾವಚಿತ್ರ. ಗಾಂಧೀಜಿ, ನೆಹರೂ, ಅಂಬೇಡ್ಕರ್ ಇವರ ಚಿತ್ರಗಳ ಸಾಲಿನ ಕೊನೆಯಲ್ಲಿ ಕಾವಿಧಾರಿಯಾದ ಸಂನ್ಯಾಸಿಯೊಬ್ಬರ ಚಿತ್ರವಿತ್ತು. ಯಾವುದೋ ಮಠದ ಸ್ವಾಮಿಗಳಿರಬೇಕೆಂದು ಭಾವಿಸಿ, ಗುರುವಾರದ ದಿನ ಹುಡುಗಿಯರು ಅದಕ್ಕೆ ಹೂವು ಮುಡಿಸುತ್ತಿದ್ದರು; ಪರೀಕ್ಷೆಯ ದಿನಗಳಲ್ಲಿ ನಾವೂ ಗುಟ್ಟಾಗಿ ಕೈಮುಗಿದದ್ದುಂಟು. ಅದನ್ನು ಕಂಡ ನಮ್ಮ ಗುರುಗಳು ನಕ್ಕು, ಇವರು ಮಠದವರಲ್ಲ, ನನ್ನಂತೆಯೇ ಶಾಲಾ ಮಾಸ್ತರರು, ಆಮೇಲೆ ದಿಲ್ಲಿಯ ಲೋಕಸಭೆಯಲ್ಲಿ ಕುಳಿತು ಬಂದವರು ಎಂದು ತಿಳಿಸಿಕೊಟ್ಟರು. ಆ ಚಿತ್ರವನ್ನು ತಮ್ಮ ಮನೆಯಿಂದ ತಂದು ಅಲ್ಲಿ ತೂಗುಹಾಕಿದವರೂ ಅವರೇ. ಅದು ಸ್ವಾಮಿ ರಾಮಾನಂದ ತೀರ್ಥರ ಚಿತ್ರ.

ಗಡಿಯ ಈಚೆ ಹುಟ್ಟಿ ಬೆಳೆದು, ಕನ್ನಡದಲ್ಲಿ ಅಕ್ಷರ ಕಲಿತ ನನ್ನಂಥವನಿಗೆ ಆ ಮಹನೀಯರ ವಿಷಯದಲ್ಲಿ ಬಹುಕಾಲ ಅಸಮಾಧಾನವೊಂದು ಇದ್ದಿತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹೈದರಾಬಾದ್ ರಾಜ್ಯವನ್ನು ಭಾಷೆಯ ಆಧಾರದ ಮೇಲೆ ಮೂರು ಪಾಲು ಮಾಡಬೇಕೆಂದು ದೃಢವಾಗಿ ವಾದಿಸಿದವರಲ್ಲಿ ಅವರು ಅಗ್ರಗಣ್ಯರು. ಆ ಪಾಲಿನಲ್ಲಿ ನಾವು ಎತ್ತ ಬಿದ್ದೆವೆಂಬುದು ಈ ಸಂಚಿಕೆಯ ಓದುಗರಿಗೆ ಗೊತ್ತಿದೆ. ಆದುದರಿಂದ ಅವರ ಜೀವನವನ್ನು ಬರೆಯುವಾಗ ಕೇವಲ ಸ್ತುತಿಯನ್ನು ಬರೆದರೆ ಅದು ಪ್ರಾಮಾಣಿಕವಾಗಲಾರದು.

ಸ್ವಾಮೀಜಿಯವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. 1903ರ ಅಕ್ಟೋಬರ್ 3ರಂದು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಅವರ ಜನನವಾಯಿತು. ಅಚ್ಚ ಕನ್ನಡದ ನೆಲದಲ್ಲಿ ಹುಟ್ಟಿದ ಬಾಲಕ ವಿದ್ಯಾಭ್ಯಾಸಕ್ಕಾಗಿ ಸೊಲ್ಲಾಪುರದ ಕಡೆಗೆ ಹೋಗಿ ಮರಾಠಿಯ ವಾತಾವರಣದಲ್ಲಿ ಬೆಳೆದನು. 1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ದಿವಂಗತರಾದ ಸುದ್ದಿ ಕೇಳಿದಾಗ, ಇನ್ನೂ ಹದಿನೇಳು ತುಂಬದ ಆ ಹುಡುಗ ಆಜನ್ಮ ಬ್ರಹ್ಮಚಾರಿಯಾಗಿದ್ದು ದೇಶಸೇವೆ ಮಾಡುವೆನೆಂದು ಸಂಕಲ್ಪ ಮಾಡಿಕೊಂಡನು. ಆ ವಯಸ್ಸಿನಲ್ಲಿ ಇಂಥ ಪ್ರತಿಜ್ಞೆ ಮಾಡಿದವರು ಆ ಕಾಲದಲ್ಲಿ ಅನೇಕರಿದ್ದರು; ಕೊನೆಯವರೆಗೂ ನಡೆಸಿದವರು ಕೆಲವರು ಮಾತ್ರ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರಕಾರಿ ಶಾಲೆಯನ್ನು ತೊರೆದ ಅವರು ಅಮಳನೇರದಲ್ಲಿಯೂ ಪುಣೆಯ ತಿಲಕ ವಿದ್ಯಾಪೀಠದಲ್ಲಿಯೂ ರಾಷ್ಟ್ರೀಯ ಶಿಕ್ಷಣವನ್ನು ಪೂರೈಸಿದರು. ಆ ಬಳಿಕ ಕಾರ್ಮಿಕರ ಧುರೀಣರಾದ ಎನ್. ಎಂ. ಜೋಶಿಯವರ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಜೋಶಿಯವರು ಕೇಂದ್ರ ಶಾಸನಸಭೆಯ ಸದಸ್ಯರಾಗಿದ್ದವರು. ಶಾಸನಸಭೆಯ ಕೆಲಸ ಎಂದರೆ ಕೇವಲ ಭಾಷಣವಲ್ಲ, ಕೂಲಿಕಾರನ ದಿನಗೂಲಿಯಿಂದ ಹಿಡಿದು ಲೆಕ್ಕ ಹಾಕುವ ಕೆಲಸ ಎಂಬುದು ವೆಂಕಟೇಶರಿಗೆ ಅಲ್ಲಿಯೇ ಮನವರಿಕೆಯಾಗಿರಬೇಕೆಂದು ನನ್ನ ಊಹೆ.

ದೇಹಸ್ಥಿತಿ ಕೆಟ್ಟುದರಿಂದ ಆ ಕೆಲಸವನ್ನು ಬಿಡಬೇಕಾಯಿತು. ಚೇತರಿಸಿಕೊಂಡ ಮೇಲೆ ಅವರು ಹಿಡಿದ ದಾರಿ ನಮ್ಮ ನಿಜಾಮ ಸೀಮೆಗೆ ಬಂತು. ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಯಲ್ಲಿ ಅವರು ಶಿಕ್ಷಕರಾದರು, ಮುಖ್ಯೋಪಾಧ್ಯಾಯರೂ ಆದರು. 1930ರ ದಶಕದ ಆರಂಭದಲ್ಲಿ ಸಂನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರಾದರು. ವಿಶೇಷವೇನೆಂದರೆ, ಕಾವಿ ತೊಟ್ಟ ಬಳಿಕವೂ ಅವರು ಕಾಡಿಗೆ ಹೋಗಲಿಲ್ಲ, ಮಠವನ್ನು ಕಟ್ಟಲಿಲ್ಲ. ಮರುದಿನ ಘಂಟೆ ಬಾರಿಸಿದಾಗ ತರಗತಿಗೆ ಹೋದರು. 1935ರಲ್ಲಿ ಮೊಮಿನಾಬಾದ್, ಎಂದರೆ ಇಂದಿನ ಅಂಬಾಜೋಗಾಯಿಯ ಯೋಗೇಶ್ವರಿ ವಿದ್ಯಾಲಯವನ್ನು ಸೇರಿದರು.

ಅಂದಿನ ಶಾಲೆಗಳ ಸ್ಥಿತಿಯನ್ನು ಇಂದಿನ ಮಕ್ಕಳಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ನಿಜಾಮ ರಾಜ್ಯದಲ್ಲಿ ಹದಿನಾರು ಜಿಲ್ಲೆಗಳಿದ್ದವು. ಅವುಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಪ್ರಾಥಮಿಕ ಮಟ್ಟದಲ್ಲಿ ಮಾತೃಭಾಷೆಗೆ ಎಡೆಯಿದ್ದರೂ ಮೇಲಕ್ಕೆ ಹೋದಂತೆ ಎಲ್ಲರೂ ಉರ್ದುವಿನಲ್ಲಿಯೇ ಕಲಿಯಬೇಕಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದುವೇ. ಉರ್ದು ಮಧುರವಾದ ಭಾಷೆ. ನಮ್ಮ ಹಿರಿಯರು ಅದನ್ನು ಸೊಗಸಾಗಿ ಬಲ್ಲವರಾಗಿದ್ದರು, ಜಮೀನಿನ ಕಾಗದಪತ್ರಗಳನ್ನು ಓದಿಸಲು ಇಂದಿಗೂ ನಾವು ಉರ್ದು ಬಲ್ಲ ಮುದುಕರನ್ನು ಹುಡುಕಿಕೊಂಡು ಹೋಗುತ್ತೇವೆ. ಆದರೆ ಮನೆಯ ಮಾತನ್ನು ಹೊಸ್ತಿಲಾಚೆ ಬಿಟ್ಟು ಶಾಲೆಗೆ ಬರಬೇಕೆಂದರೆ ಹಳ್ಳಿಯ ಮಗು ಶಾಲೆಗೇ ಬರುವುದಿಲ್ಲ. ಖಾಸಗಿ ಶಾಲೆ ತೆರೆಯಲು ಅಪ್ಪಣೆ ಬೇಕು, ಸಭೆ ಕೂಡಲು ಅಪ್ಪಣೆ ಬೇಕು. ಇಂಥ ಕಾಲದಲ್ಲಿ ದೇಶಭಾಷೆಯ ಶಾಲೆಯೊಂದನ್ನು ನಡೆಸುವುದೇ ರಾಜಕಾರಣವಾಗಿತ್ತು. ಸ್ವಾಮೀಜಿ ರಾಜಕಾರಣಕ್ಕೆ ಬಂದರೆಂದು ಎಲ್ಲರೂ ಹೇಳುತ್ತಾರೆ. ಶಾಲೆಯೇ ಅವರನ್ನು ಅಲ್ಲಿಗೆ ಒಯ್ದಿತೆಂದು ನನ್ನ ಅಭಿಪ್ರಾಯ.

1938ರಲ್ಲಿ ಅವರು ಶಾಲೆಯನ್ನು ಬಿಟ್ಟು ಮಹಾರಾಷ್ಟ್ರ ಪರಿಷತ್ತಿನ ಕಾರ್ಯಕ್ಕೆ ಪೂರ್ಣಕಾಲ ತೊಡಗಿದರು. ಅದೇ ವರ್ಷ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಇನ್ನೂ ಕಣ್ಣು ತೆರೆಯುವ ಮೊದಲೇ ಸರಕಾರ ಅದನ್ನು ನಿಷೇಧಿಸಿತು. ಅಕ್ಟೋಬರ್ 24ರಿಂದ ಸತ್ಯಾಗ್ರಹ ಪ್ರಾರಂಭವಾಗಿ, ಸ್ವಾಮೀಜಿ ಬಂಧಿತರಾಗಿ ಸೆರೆಮನೆ ಸೇರಿದರು. 1940ರ ವೈಯಕ್ತಿಕ ಸತ್ಯಾಗ್ರಹದಲ್ಲಿಯೂ 1942ರಲ್ಲಿಯೂ ಮತ್ತೆ ಸೆರೆವಾಸ. 1946ರಲ್ಲಿ ನಿಷೇಧ ತೆರವಾದಾಗ ಸಂಸ್ಥೆಯ ಅಧ್ಯಕ್ಷ ಪದವಿಗೆ ಚುನಾವಣೆ ನಡೆಯಿತು. ಪ್ರತಿಸ್ಪರ್ಧಿಯಾಗಿದ್ದವರು ನಮ್ಮ ಪಾಲಮೂರು ಜಿಲ್ಲೆಯವರೇ ಆದ ಬೂರ್ಗುಲ ರಾಮಕೃಷ್ಣರಾಯರು. ಬಹು ಅಲ್ಪ ಅಂತರದಿಂದ ಸ್ವಾಮೀಜಿ ಆಯ್ಕೆಯಾದರು. ಬೂರ್ಗುಲರು ಸೌಮ್ಯವಾದಿಗಳು, ಬಹುಭಾಷಾ ವಿದ್ವಾಂಸರು. ಸ್ವಾಮೀಜಿ ಹೋರಾಟಕ್ಕೆ ಅವಸರಪಡುವವರು. ಇಬ್ಬರ ಬಣಗಳ ತಿಕ್ಕಾಟ ಸ್ವಾತಂತ್ರ್ಯಾನಂತರವೂ ನಿಲ್ಲಲಿಲ್ಲ.

1947ನೆಯ ಇಸವಿ ಈ ಜೀವನದ ಮಧ್ಯಾಹ್ನ. ಬ್ರಿಟಿಷರು ಹೊರಟ ಮೇಲೆ ತಾನು ಸ್ವತಂತ್ರನಾಗಿರುವೆನೆಂದು ನಿಜಾಮರು ಹೊರಡಿಸಿದ ಘೋಷಣೆಯನ್ನು ಸ್ವಾಮೀಜಿ ಬಹಿರಂಗವಾಗಿ ವಿರೋಧಿಸಿದರು. ಆಗಸ್ಟ್ 7ರಂದು ಭಾರತ ಒಕ್ಕೂಟಕ್ಕೆ ಸೇರಬೇಕೆಂಬ ಚಳವಳಿಗೆ ಚಾಲನೆ ದೊರೆಯಿತು. ಇಡೀ ದೇಶ ತ್ರಿವರ್ಣ ಧ್ವಜವನ್ನು ಏರಿಸಿದ ಆಗಸ್ಟ್ 15ರಂದು ಅವರನ್ನು ಬಂಧಿಸಲಾಯಿತು. ನವೆಂಬರ್ ಕೊನೆಯಲ್ಲಿ ಯಥಾಸ್ಥಿತಿ ಒಪ್ಪಂದವಾದ ಹೊತ್ತಿಗೆ ಬಿಡುಗಡೆಯಾದರೂ 1948ರ ಜನವರಿ 26ರಂದು ಪುನಃ ಬಂಧನ. ಆ ಸಲ ಹೊರಗೆ ಬಂದದ್ದು ಸೆಪ್ಟೆಂಬರ್ 17ರಂದು ನಿಜಾಮರ ಶರಣಾಗತಿಯಾದ ಮೇಲೆಯೇ.

ಆ ಅವಧಿಯ ಎರಡು ಸಂಗತಿಗಳನ್ನು ಸಮಾರಂಭದ ಲೇಖನಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಗಡಿಯುದ್ದಕ್ಕೂ, ಮುಂಡರಗಿ, ಗಜೇಂದ್ರಗಡ, ಸೊಲ್ಲಾಪುರಗಳ ಕಡೆಯಿಂದ ಹಿಡಿದು ಚಾಂದಾದವರೆಗೆ, ಕಾರ್ಯಕರ್ತರ ಶಿಬಿರಗಳೆದ್ದವು. ಅವುಗಳಲ್ಲಿ ಅನೇಕರು ಬಂದೂಕು ಹಿಡಿದರು. ನಮ್ಮ ಗುರುಗಳೂ ಹದಿಹರೆಯದಲ್ಲಿ ಅಂಥ ಒಂದು ಶಿಬಿರದಲ್ಲಿ ಅನ್ನ ಬೇಯಿಸಿದವರು. ಗಾಂಧೀ ಮಾರ್ಗದ ಸಂನ್ಯಾಸಿಯೊಬ್ಬರು ಅಧ್ಯಕ್ಷರಾಗಿದ್ದ ಸಂಸ್ಥೆಯವರು ಶಸ್ತ್ರ ಹಿಡಿದುದು ಸರಳವಾಗಿ ಬಗೆಹರಿಯುವ ವಿಷಯವಲ್ಲ. ರಜಾಕಾರರ ಹಾವಳಿಯಲ್ಲಿ ಬೇರೆ ದಾರಿಯಿರಲಿಲ್ಲವೆಂದು ಗುರುಗಳು ಹೇಳುತ್ತಿದ್ದರು, ಆದರೆ ಹೇಳುವಾಗ ದನಿ ಇಳಿಸುತ್ತಿದ್ದರು. ಎರಡನೆಯದು, ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನ ಬಂಧುಗಳು ಅನುಭವಿಸಿದ ಸಂಕಟ. ಅದನ್ನು ಪರಿಶೀಲಿಸಲು ಭಾರತ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ತಂಡದ ವರದಿ ದಶಕಗಳ ಕಾಲ ಕಪಾಟಿನಲ್ಲಿಯೇ ಉಳಿಯಿತು. ಸೆಪ್ಟೆಂಬರ್ 17ರ ಸಡಗರದಲ್ಲಿ ಇದನ್ನೂ ನೆನೆಯಬೇಕೆಂದು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ವಿಮೋಚನೆಯ ನಾಯಕರಾಗಿದ್ದವರಿಗೆ ಅಧಿಕಾರ ಕೈಗೆಟುಕುವ ದೂರದಲ್ಲಿತ್ತು. 1952ರ ಮೊದಲ ಮಹಾಚುನಾವಣೆಯ ಬಳಿಕ ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿಗಳಾದವರು ಶಾದನಗರದಿಂದ ಗೆದ್ದುಬಂದ ಬೂರ್ಗುಲರು. ಸ್ವಾಮೀಜಿ ಯಾವ ಮಂತ್ರಿ ಪದವಿಯನ್ನೂ ವಹಿಸಲಿಲ್ಲ. ಗುಲಬರ್ಗಾ ಕ್ಷೇತ್ರದಿಂದ ಅವರು ಮೊದಲ ಲೋಕಸಭೆಗೆ ಆಯ್ಕೆಯಾದರು. ಮರಾಠವಾಡದಲ್ಲಿ ಹೆಸರು ಮಾಡಿದವರನ್ನು ಕನ್ನಡ ಮತದಾರರು ಆರಿಸಿ ಕಳುಹಿಸಿದುದು ಎರಡು ಕಡೆಯವರಿಗೂ ಭೂಷಣವೇ ಸರಿ. ಸಿಂದಗಿಯಲ್ಲಿ ಹುಟ್ಟಿದವರನ್ನು ಪರಕೀಯರೆಂದು ಯಾರು ಹೇಳಿಯಾರು?

ಇಲ್ಲಿಂದ ಮುಂದಿನದು ನಮಗೆ ನೇರವಾಗಿ ಸಂಬಂಧಿಸಿದ್ದು. ಹೈದರಾಬಾದ್ ರಾಜ್ಯವನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ಬಯಸಿದ ದೊಡ್ಡವರು ಹಲವರಿದ್ದರು. ಮೂರು ಭಾಷೆಗಳು ಕೂಡಿ ಬಾಳಿದ ನಾಡು, ಅದೊಂದು ಪುಟ್ಟ ಭಾರತ ಎಂಬ ಭಾವನೆ ಅವರದು. ಸ್ವಾಮೀಜಿಯ ನಿಲುವು ಇದಕ್ಕೆ ವಿರುದ್ಧವಾಗಿತ್ತು. ಜನರ ಭಾಷೆಯಲ್ಲಿ ಆಡಳಿತ ನಡೆಯದಿದ್ದರೆ ಪ್ರಜಾಪ್ರಭುತ್ವ ಕಾಗದದ ಮೇಲೆ ಉಳಿಯುತ್ತದೆ, ಆದುದರಿಂದ ಮೂರು ಭಾಷೆಯವರೂ ತಂತಮ್ಮ ಬಂಧುಗಳನ್ನು ಸೇರಿಕೊಳ್ಳಬೇಕು ಎಂಬುದು ಅವರ ವಿಚಾರದ ತಿರುಳು. ಹಿಪ್ಪರಗಾದ ಮಾಸ್ತರರ ಅನುಭವವೇ ಇಲ್ಲಿ ಮಾತನಾಡಿತೆಂದು ಹೇಳಬಹುದು. ಫಜಲ್ ಅಲಿ ಆಯೋಗದ ವರದಿ 1955ರ ಸೆಪ್ಟೆಂಬರಿನಲ್ಲಿ ಬಂದಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಭೂಪಟದಿಂದ ಮರೆಯಾಯಿತು.

ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಆದರೆ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನು ಬಿಟ್ಟು. ರಾಯಚೂರು ಹೋಯಿತು, ಗದ್ವಾಲ ಮತ್ತು ಆಲಂಪುರಗಳನ್ನು ಬಿಟ್ಟು. ಬೀದರ ಹೋಯಿತು, ಅಹಮದಪುರ, ನಿಲಂಗಾ, ಉದಗೀರಗಳನ್ನು ಬಿಟ್ಟು. ಆಗಲೇ ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ, ನಾರಾಯಣಪೇಟೆಗಳ ಕಡೆಯ ಕನ್ನಡಿಗರು ಇದ್ದಲ್ಲಿಯೇ ಆಂಧ್ರಪ್ರದೇಶದವರಾದರು. ತಾಲೂಕನ್ನು ಘಟಕವಾಗಿ ಹಿಡಿದು ಬಹುಸಂಖ್ಯೆಯನ್ನು ನೋಡುವ ಲೆಕ್ಕದಲ್ಲಿ ಇದು ತಪ್ಪೆಂದು ಹೇಳುವಂತಿಲ್ಲ. ನಮ್ಮ ತಾಲೂಕುಗಳಲ್ಲಿ ತೆಲುಗರೇ ಹೆಚ್ಚು. ಆದರೆ ಹಳ್ಳಿಯ ಬದುಕು ತಾಲೂಕಿನ ಲೆಕ್ಕಕ್ಕೆ ಒಗ್ಗುವುದಿಲ್ಲ. ದಾಮರಗಿದ್ದದ ಸಂತೆಯಲ್ಲಿ ತೆಲುಗಿನಲ್ಲಿ ಬೆಲೆ ಕೇಳಿ, ಕನ್ನಡದಲ್ಲಿ ಚೌಕಾಶಿ ಮಾಡಿ, ಉರ್ದುವಿನಲ್ಲಿ ಜಗಳಾಡಿದವರು ನಾವು. ಗುರುಮಠಕಲ್ಲಿಗೆ ಹೆಣ್ಣು ಕೊಟ್ಟು, ಯಾದಗಿರಿಯಿಂದ ತಂದುಕೊಂಡವರು. ನಾರಾಯಣಪೇಟೆಯ ಸೀರೆಯನ್ನು ಉಡುವ ಮಹಾರಾಷ್ಟ್ರದ ಹೆಣ್ಣುಮಗಳು ಅದು ಯಾವ ರಾಜ್ಯದ ನೇಯ್ಗೆಯೆಂದು ಇಂದಿಗೂ ಕೇಳುವುದಿಲ್ಲ. ಅಂಥ ನಾಡಿನಲ್ಲಿ ಗೆರೆಯೊಂದು ಬಿದ್ದಿತು.

ಆ ಗೆರೆಯ ಅರ್ಥ ನನಗೆ ತಿಳಿದದ್ದು ನೌಕರಿಗಾಗಿ ಅಲೆಯುವಾಗ. ಆಚೆಯ ಕಛೇರಿಯೊಂದರಲ್ಲಿ ನಾನು ಕನ್ನಡ ಮಾಧ್ಯಮದವನಾದರೂ ಹೊರ ರಾಜ್ಯದವನು. ಈಚೆಯ ಕಛೇರಿಯೊಂದರಲ್ಲಿ ಈ ರಾಜ್ಯದವನಾದರೂ ಅನ್ಯ ಮಾಧ್ಯಮದವನು. ಒಂದೇ ಪ್ರಮಾಣಪತ್ರ ಎರಡು ಕಡೆಯಲ್ಲಿಯೂ ಎರಡು ಕಾರಣಕ್ಕೆ ಹಿಂದಕ್ಕೆ ಬಂದಿತು. ಆ ಸಿಟ್ಟಿನಲ್ಲಿ ಊರಿಗೆ ಬಂದವನು ಗುರುಗಳ ಮನೆಗೆ ಹೋಗಿ, ನಿಮ್ಮ ಸ್ವಾಮಿಗಳು ಭಾಷೆಗೊಂದು ಮನೆ ಕಟ್ಟಿಕೊಟ್ಟರು, ನಮ್ಮನ್ನು ಮಾತ್ರ ಅಂಗಳದಲ್ಲಿ ನಿಲ್ಲಿಸಿದರು ಎಂದು ಅಂದುಬಿಟ್ಟೆನು. ಗುರುಗಳು ವಾದಿಸಲಿಲ್ಲ. ಒಳಗೆ ಹೋಗಿ ಹಳೆಯ ಸಂವಿಧಾನದ ಪ್ರತಿಯೊಂದನ್ನು ತಂದು ಒಂದು ಪುಟವನ್ನು ತೆರೆದು ನನ್ನ ಕೈಗಿಟ್ಟರು.

ಅದು 350ಎ ಎಂಬ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಪಡೆಯಲು ಸಾಕಷ್ಟು ಸೌಲಭ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಸಂವಿಧಾನದ ಏಳನೆಯ ತಿದ್ದುಪಡಿಯಿಂದ ಅದು ಸೇರಿದ್ದು. ಜಾರಿಗೆ ಬಂದದ್ದು 1956ರ ನವೆಂಬರ್ 1ರಂದೇ. ಎಂದರೆ ಗೆರೆ ಬಿದ್ದ ದಿನವೇ ಗೆರೆಯ ತಪ್ಪು ಕಡೆಗೆ ಉಳಿದವರ ಮಕ್ಕಳ ಹಕ್ಕೂ ಬರೆಯಲ್ಪಟ್ಟಿತ್ತು. ಎರಡನ್ನೂ ಮಾಡಿದ್ದು ಸ್ವಾಮೀಜಿ ಸದಸ್ಯರಾಗಿದ್ದ ಅದೇ ಲೋಕಸಭೆ. ಇದು ಅವರೊಬ್ಬರ ಕೆಲಸವೆಂದು ನಾನು ಹೇಳುತ್ತಿಲ್ಲ. ಆಯೋಗದ ಶಿಫಾರಸ್ಸಿನಿಂದ ಮೂಡಿದ ವಿಧಿ ಅದು. ಆದರೆ ಭಾಷಾವಾರು ರಾಜ್ಯವನ್ನು ಬಯಸಿದವರು ನಮ್ಮಂಥವರನ್ನು ಮರೆತಿರಲಿಲ್ಲವೆಂಬುದಕ್ಕೆ ಸಾಕ್ಷಿ. ನಮ್ಮ ಶಾಲೆ ನಿಂತಿರುವುದು ಈ ವಿಧಿಯ ತಳಹದಿಯ ಮೇಲೆ ಎಂಬುದನ್ನು ನಾನು ಶಾಲೆ ಬಿಟ್ಟು ಹತ್ತು ವರ್ಷಗಳ ಮೇಲೆ ಅರಿತೆನು. ವಿಧಿಯಿದ್ದ ಮಾತ್ರಕ್ಕೆ ಪಠ್ಯಪುಸ್ತಕ ಜೂನ್ ತಿಂಗಳಲ್ಲಿ ಬರುವುದಿಲ್ಲ, ಖಾಲಿಯಾದ ಕನ್ನಡ ಶಿಕ್ಷಕರ ಹುದ್ದೆ ತಾನಾಗಿ ತುಂಬುವುದಿಲ್ಲ. ಒಂದು ವರ್ಷ ಹಿಂದಿನ ತರಗತಿಯವರ ಹರಿದ ಪುಸ್ತಕಗಳನ್ನು ಅಂಟಿಸಿಕೊಂಡು ನಾವು ದೀಪಾವಳಿಯವರೆಗೆ ಓದಿದ್ದೇವೆ. ಆದರೆ ಕೇಳುವುದಕ್ಕೆ ಒಂದು ಆಧಾರವಿದೆ. ಆ ಆಧಾರವನ್ನು ಹಿಡಿದು ಗುರುಗಳು ವರ್ಷವರ್ಷವೂ ಅರ್ಜಿ ಬರೆಯುತ್ತಿದ್ದುದನ್ನು ಅವರ ಶಿಷ್ಯರೆಲ್ಲರೂ ಬಲ್ಲರು.

ಸ್ವಾಮೀಜಿಯ ಉಳಿದ ಜೀವನವನ್ನು ಸಂಕ್ಷೇಪವಾಗಿ ಹೇಳಬಹುದು. 1957ರಲ್ಲಿ ಅವರು ಔರಂಗಾಬಾದ್ ಕ್ಷೇತ್ರದಿಂದ ಎರಡನೆಯ ಲೋಕಸಭೆಗೆ ಆಯ್ಕೆಯಾದರು. ಆ ಬಳಿಕ ಚುನಾವಣೆಯ ರಾಜಕಾರಣದಿಂದ ದೂರ ಸರಿದು ಖಾದಿ, ಗ್ರಾಮೋದ್ಯೋಗ, ಶಿಕ್ಷಣ ಇವುಗಳಲ್ಲಿ ತೊಡಗಿದರು. ಹೈದರಾಬಾದ್ ಹೋರಾಟದ ಸ್ಮೃತಿಗಳನ್ನು ಇಂಗ್ಲಿಷಿನಲ್ಲಿ ಬರೆದರು. ಆ ಗ್ರಂಥ 1967ರಲ್ಲಿ ಪ್ರಕಟವಾಯಿತು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ದೇಹವಿಟ್ಟರು. ಅವರ ಶಿಷ್ಯರಲ್ಲಿ ಒಬ್ಬರಾದ ಪಿ. ವಿ. ನರಸಿಂಹರಾಯರು 1991ರಲ್ಲಿ ದೇಶದ ಪ್ರಧಾನಮಂತ್ರಿಗಳಾದರು. 1994ರಲ್ಲಿ ನಾಂದೇಡದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು.

ಈ ಬದುಕಿನ ನಕ್ಷೆಯನ್ನು ಒಮ್ಮೆ ನೋಡಿ. ಹುಟ್ಟಿದ್ದು ಕನ್ನಡದಲ್ಲಿ, ಪಾಠ ಹೇಳಿದ್ದು ಮರಾಠಿಯಲ್ಲಿ, ಸೆರೆಮನೆಯ ಕಾಗದಪತ್ರವೆಲ್ಲ ಉರ್ದುವಿನಲ್ಲಿ, ಮೊದಲು ಕನ್ನಡಿಗರ, ಆಮೇಲೆ ಮರಾಠಿಗರ ಪ್ರತಿನಿಧಿ, ಕಡೆಗೆ ಕಣ್ಣು ಮುಚ್ಚಿದ್ದು ತೆಲುಗು ರಾಜ್ಯದ ರಾಜಧಾನಿಯಲ್ಲಿ. ಭಾಷೆಗೊಂದು ಮನೆ ಬೇಕೆಂದು ಹೋರಾಡಿದವರಿಗೆ ತಮ್ಮದೆಂಬ ಭಾಷೆಯ ಮನೆ ಯಾವುದೂ ಉಳಿಯಲಿಲ್ಲ. ಅವರೂ ಒಂದು ಬಗೆಯಲ್ಲಿ ನಮ್ಮಂತೆಯೇ ಗಡಿಯವರು. ಇದನ್ನು ನಾನು ಪುಸ್ತಕದಿಂದ ತಿಳಿದದ್ದಲ್ಲ. ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದ ಮೊದಲ ವರ್ಷ, ಜನವರಿ ತಿಂಗಳ ಒಂದು ಬೆಳಗ್ಗೆ, ಬೇಗಂಪೇಟೆಯಲ್ಲಿರುವ ಅವರ ಸಮಾಧಿಯ ಬಳಿ ನಿಂತಾಗ ಹೊಳೆದದ್ದು. ಅಂದು ಅಲ್ಲಿಗೆ ಬಂದಿದ್ದ ನಾಲ್ಕಾರು ವೃದ್ಧರಲ್ಲಿ ಒಬ್ಬರು ಮರಾಠಿಯಲ್ಲಿ, ಒಬ್ಬರು ತೆಲುಗಿನಲ್ಲಿ ಪಿಸುಗುಡುತ್ತಿದ್ದರು. ನನ್ನ ಬಾಯಿಂದ ಕನ್ನಡ ಕೇಳಿ ಮೂರನೆಯವರು ಹತ್ತಿರ ಬಂದು ಯಾವೂರು ಎಂದು ವಿಚಾರಿಸಿದರು. ದಾಮರಗಿದ್ದದ ಕಡೆಯವನೆಂದೆ. ಅಲ್ಲಿ ಕನ್ನಡ ಶಾಲೆ ಇನ್ನೂ ನಡೆಯುತ್ತಿದೆಯೆ ಎಂದು ಅವರು ಕೇಳಿದರು; ನಡೆಯುತ್ತಿದೆ ಎಂದು ನಾನು ಹೇಳುವಾಗ, ಆ ವರ್ಷ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದರೆಂಬುದು ನನಗೇ ತಿಳಿದಿರಲಿಲ್ಲವೆಂಬ ನಾಚಿಕೆ ಉಂಟಾಯಿತು. ಅಂದಿನಿಂದ ಪ್ರತಿ ಜೂನ್ ತಿಂಗಳೂ ಶಾಲೆಗೆ ಫೋನು ಮಾಡಿ ಆ ಸಂಖ್ಯೆಯನ್ನು ಕೇಳುವ ರೂಢಿಯನ್ನು ಇಟ್ಟುಕೊಂಡಿದ್ದೇನೆ. ಕೆಲವು ವರ್ಷ ಅದು ಸಂತೋಷದ ಫೋನು, ಕೆಲವು ವರ್ಷ ಅಲ್ಲ.

2014ರಲ್ಲಿ ನಾವು ತೆಲಂಗಾಣದವರಾದೆವು. 2019ರಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಗೆರೆಗಳು ಹೀಗೆ ಬದಲಾಗುತ್ತಿರುತ್ತವೆ. ಗುರುಗಳು ಇಂದು ನಮ್ಮೊಡನಿಲ್ಲ. ಏಳನೆಯ ತರಗತಿಯ ಕೋಣೆಯ ಮಾಡನ್ನು ರಿಪೇರಿ ಮಾಡಿಸಿದ ವರ್ಷ ಗೋಡೆಯ ಚಿತ್ರಗಳನ್ನೆಲ್ಲ ಇಳಿಸಿದರು; ಗಾಂಧೀಜಿ, ನೆಹರೂ, ಅಂಬೇಡ್ಕರ್ ಅವರ ಚಿತ್ರಗಳು ಮರಳಿ ಬಂದವು, ಸ್ವಾಮೀಜಿಯದು ಬರಲಿಲ್ಲ. ಮಠದ ಸ್ವಾಮಿಗಳದೆಂದು ತಿಳಿದು ಯಾರೋ ಭಕ್ತಿಯಿಂದ ಮನೆಗೆ ಒಯ್ದಿರಬಹುದು. ಮಹೋತ್ಸವದ ಸಮಿತಿಯವರು ಹೊಸದೊಂದನ್ನು ಮಾಡಿಸಲು ಒಪ್ಪಿದ್ದಾರೆ. ಆದರೂ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಕರಿಯ ಮರದ ಚೌಕಟ್ಟು, ಎಡಗಡೆಯ ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿದೆ, ಹಿಂಬದಿಯ ರಟ್ಟಿನ ಮೇಲೆ ಗುರುಗಳ ಕೈಬರಹವಿದೆ. ನಿಮ್ಮ ಮನೆಯ ದೇವರ ಕೋಣೆಯಲ್ಲಿ ಅಂಥದೊಂದು ಇದ್ದರೆ ದಯವಿಟ್ಟು ಸಮಾರಂಭದ ದಿನ ತನ್ನಿರಿ. ಹೊಸದನ್ನು ನಿಮ್ಮ ಮನೆಗೆ ಕೊಡುತ್ತೇವೆ.